ಎರಡು ಗುಡಿ, ನಾಲ್ಕು ಬಾಗಿಲು, ಒಂದು ಕಂಡೆನ್ಸರು

ಹಳೇಬೀಡಿಗೆ ಹೋದ ಕುಟುಂಬ ಹೊಯ್ಸಳೇಶ್ವರನ ಗುಡಿಗೆ ಒಂದು ಸುತ್ತು ಬಾರದೆ ಹಿಂದಿರುಗುವುದಿಲ್ಲ. ಗೋಡೆಯ ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು. ಇನ್ನೂ ಮೇಲೆ ರಾಮಾಯಣ, ಮಹಾಭಾರತಗಳ ಕಥೆಗಳು. ಬಳಪದ ಕಲ್ಲಿನಲ್ಲಿ ಬಿಡಿಸಿದ ಆ ವೈಭವವನ್ನು ನೋಡಿ ಕಣ್ಣು ತಣಿಯುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಆದಕಾರಣವೇ ಏನೋ, ಕಟ್ಟಡದ ತಳವಿನ್ಯಾಸದ ಕಡೆಗೆ ನೋಡುಗರ ಗಮನ ಹರಿಯುವುದು ಅಪರೂಪ.

ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1121ರಲ್ಲಿ ರೂಪುಗೊಂಡ ಈ ದೇವಾಲಯ 2023ರಲ್ಲಿ ಬೇಲೂರು, ಸೋಮನಾಥಪುರಗಳ ಗುಡಿಗಳೊಡನೆ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಇದು ದ್ವಿಕೂಟ, ಎಂದರೆ ಒಂದೇ ಜಗತಿಯ ಮೇಲೆ ನಿಂತ ಎರಡು ಗುಡಿ. ಒಂದು ಹೊಯ್ಸಳೇಶ್ವರನದು, ಮತ್ತೊಂದು ಶಾಂತಲೇಶ್ವರನದು. ಎರಡೂ ಪೂರ್ವಾಭಿಮುಖ. ಎರಡರ ಎದುರಿಗೂ ಒಂದೊಂದು ನಂದಿಮಂಟಪ. ಒಳಗಡೆ ಎರಡು ನವರಂಗಗಳನ್ನು ಕಂಬಗಳ ಹಜಾರವೊಂದು ಕೂಡಿಸುತ್ತದೆ. ಒಳಹೋಗಲು ಬಾಗಿಲು ನಾಲ್ಕು: ಉತ್ತರಕ್ಕೊಂದು, ದಕ್ಷಿಣಕ್ಕೊಂದು, ಪೂರ್ವಕ್ಕೆ ಎರಡು.

ಈ ನಾಲ್ಕು ಬಾಗಿಲುಗಳು ಕಲಿಸುವ ಪಾಠವೊಂದುಂಟು. ಅದು ಶಿಲ್ಪಶಾಸ್ತ್ರದ ಪಾಠವಲ್ಲ, ವಿದ್ಯುತ್ತಿನ ಪಾಠ. ಪದವಿಪೂರ್ವ ತರಗತಿಯ ಮಗನನ್ನೋ ಮಗಳನ್ನೋ ಪರೀಕ್ಷೆಯ ಹಿಂದಿನ ರಾತ್ರಿ ಕಾಡುವ ಭೌತಶಾಸ್ತ್ರದ ಲೆಕ್ಕಕ್ಕೂ, ಮನೆಯ ಚಾವಣಿಯಲ್ಲಿ ತಿರುಗುವ ಫ್ಯಾನಿನ ಆರೋಗ್ಯಕ್ಕೂ ಅದು ಉಪಯುಕ್ತವಾದುದು.

ಫ್ಯಾನು ನಿಂತ ರಾತ್ರಿ

ಬೇಸಿಗೆಯ ರಾತ್ರಿ. ಸ್ವಿಚ್ಚನ್ನು ಒತ್ತಿದರೆ ಫ್ಯಾನು ಗುಂಯ್ ಎಂದು ಗುನುಗುತ್ತದೆಯೇ ಹೊರತು ತಿರುಗುವುದಿಲ್ಲ. ಕೋಲಿನಿಂದ ರೆಕ್ಕೆಯನ್ನು ತುಸು ತಳ್ಳಿದರೆ ಮನಸ್ಸಿಲ್ಲದ ಮನಸ್ಸಿನಿಂದ ಸುತ್ತತೊಡಗುತ್ತದೆ. ಮರುದಿನ ಬಂದ ಎಲೆಕ್ಟ್ರಿಷಿಯನ್ ಏಣಿ ಹತ್ತುವ ಮೊದಲೇ ತೀರ್ಪು ಕೊಡುತ್ತಾನೆ: "ಕಂಡೆನ್ಸರು ಹೋಗಿದೆ, ಸ್ವಾಮಿ."

ಅವನು ಕಂಡೆನ್ಸರು ಎನ್ನುವ ಆ ಪುಟ್ಟ ಡಬ್ಬಿಯನ್ನೇ ಪಠ್ಯಪುಸ್ತಕ ಧಾರಕ ಎಂದು ಕರೆಯುತ್ತದೆ. ಅದರ ಮೈಮೇಲೆ 2.5 ಮೈಕ್ರೊಫ್ಯಾರಡ್ ಎಂದು ಬರೆದಿದೆ ಎನ್ನಬಹುದು. ಚಾವಣಿ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ ಅದು. ಅಂಗಡಿಯಲ್ಲಿ ಆ ಅಳತೆಯದು ಮುಗಿದಿದೆ. ಚೀಲದಲ್ಲಿ 5 ಮೈಕ್ರೊಫ್ಯಾರಡಿನ ಎರಡು ಡಬ್ಬಿಗಳಿವೆ. ಅವೆರಡನ್ನೂ ಒಂದು ಬಗೆಯಲ್ಲಿ ಜೋಡಿಸಿದರೆ ಬೇಕಾದ ಎರಡೂವರೆ ಸರಿಯಾಗಿ ದೊರೆಯುತ್ತದೆ. ಇನ್ನೊಂದು ಬಗೆಯಲ್ಲಿ ಜೋಡಿಸಿದರೆ ಹತ್ತಾಗುತ್ತದೆ! ಆಗ ಫ್ಯಾನಿನ ಸಹಾಯಕ ಸುರುಳಿಯಲ್ಲಿ ಮಿತಿಮೀರಿದ ಪ್ರವಾಹ ಹರಿದು ಮೋಟಾರು ಕಾದು ಕೆಡುವ ಭಯವಿದೆ. ಅವೇ ಎರಡು ಡಬ್ಬಿ, ಅದೇ ತಂತಿ. ಕೂಡಿಸಿದ ಬಗೆಯೊಂದರಿಂದಲೇ ಫಲದಲ್ಲಿ ನಾಲ್ಕು ಪಟ್ಟು ಅಂತರ. ಸರಿಯಾದ ಅಳತೆಯ ಹೊಸ ಡಬ್ಬಿಯನ್ನೇ ತರಿಸುವುದು ಜಾಣತನ, ನಿಜ. ಆದರೆ ಈ ಅಂತರ ಬಂದುದೆಲ್ಲಿಂದ ಎಂಬುದನ್ನು ತಿಳಿಯದೆ ಇರುವುದು ಜಾಣತನವಲ್ಲ.

ಧಾರಕದ ಒಳಗೇನಿದೆ?

ಎರಡು ಲೋಹದ ಹಾಳೆಗಳು. ನಡುವೆ ವಿದ್ಯುತ್ತನ್ನು ಹಾಯಗೊಡದ ತೆಳುವಾದ ಪದರ. ಧಾರಕವೆಂದರೆ ಇಷ್ಟೇ. ಒಂದು ಹಾಳೆಗೆ ಧನ ವಿದ್ಯುದಾವೇಶವನ್ನು ತುಂಬಿದರೆ ಮತ್ತೊಂದರಲ್ಲಿ ಅಷ್ಟೇ ಪ್ರಮಾಣದ ಋಣ ಆವೇಶ ಶೇಖರವಾಗುತ್ತದೆ. ಅವು ಒಂದನ್ನೊಂದು ಸೆಳೆಯುತ್ತವೆ, ಆದರೆ ನಡುವಣ ಪದರವನ್ನು ದಾಟಲಾರವು. 1745-46ರ ಸುಮಾರಿಗೆ ಯೂರೋಪಿನಲ್ಲಿ ಹುಟ್ಟಿದ ಲೈಡನ್ ಜಾಡಿಯೇ ಇದರ ಮೂಲಪುರುಷ. ಅಲ್ಲಿ ಗಾಜಿನ ಗೋಡೆಯೇ ತಡೆಯ ಪದರ. ಕೆಲವೇ ವರ್ಷಗಳ ಅನಂತರ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಹಲವು ಗಾಜಿನ ಧಾರಕಗಳನ್ನು ಒಟ್ಟುಗೂಡಿಸಿ ಆ ಸಮೂಹಕ್ಕೆ ಬ್ಯಾಟರಿ ಎಂದು ಹೆಸರಿಟ್ಟ. ಧಾರಕತೆಯನ್ನು ಅಳೆಯುವ ಫ್ಯಾರಡ್ ಎಂಬ ಮಾನಕ್ಕೆ ಮೈಕೇಲ್ ಫ್ಯಾರಡೆಯ ಹೆಸರು. ಆ ಮಾನ ಬಲು ದೊಡ್ಡದು. ಮನೆಯ ಬಳಕೆಗೆ ಅದರ ಹತ್ತು ಲಕ್ಷದಲ್ಲೊಂದು ಪಾಲಾದ ಮೈಕ್ರೊಫ್ಯಾರಡೇ ಸಾಕು.

ಹಾಳೆಯ ವಿಸ್ತೀರ್ಣ ಹೆಚ್ಚಿದಷ್ಟೂ ಧಾರಕತೆ ಹೆಚ್ಚು. ಹಾಳೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಧಾರಕತೆ ಕಡಿಮೆ. ಈ ಎರಡು ಮಾತುಗಳು ಮನಸ್ಸಿನಲ್ಲಿ ನಿಂತರೆ ಸೂತ್ರಗಳನ್ನು ಉರುಹೊಡೆಯಬೇಕಾದ ಅಗತ್ಯವಿಲ್ಲ.

ಎರಡು ಧಾರಕಗಳ ಎಡತುದಿಗಳನ್ನು ಒಂದಕ್ಕೊಂದು, ಬಲತುದಿಗಳನ್ನು ಒಂದಕ್ಕೊಂದು ಸೇರಿಸಿದರೆ ಹಾಳೆಗೆ ಹಾಳೆ ಕೂಡಿ ವಿಸ್ತೀರ್ಣ ಬೆಳೆದಂತಾಯಿತು. ಇದು ಸಮಾಂತರ ಜೋಡಣೆ; ಇಲ್ಲಿ ಧಾರಕತೆಗಳನ್ನು ನೇರವಾಗಿ ಕೂಡಬೇಕು. 5ಕ್ಕೆ 5 ಸೇರಿ 10. ಒಂದರ ಬಲತುದಿಗೆ ಮತ್ತೊಂದರ ಎಡತುದಿಯನ್ನು ಸೇರಿಸಿದರೆ, ಹೊರಗಿನ ಎರಡು ಹಾಳೆಗಳ ನಡುವೆ ತಡೆಯ ಪದರಗಳು ಎರಡಾಗಿ ಅಂತರ ಬೆಳೆದಂತಾಯಿತು. ಇದು ಸರಣಿ ಜೋಡಣೆ. ಇಲ್ಲಿ ಧಾರಕತೆಗಳ ವ್ಯುತ್ಕ್ರಮಗಳನ್ನು ಕೂಡಿ, ಬಂದ ಮೊತ್ತದ ವ್ಯುತ್ಕ್ರಮವನ್ನು ತೆಗೆದುಕೊಳ್ಳಬೇಕು. ಐದರಲ್ಲೊಂದು ಪಾಲಿಗೆ ಐದರಲ್ಲೊಂದು ಪಾಲು ಸೇರಿ ಐದರಲ್ಲಿ ಎರಡು ಪಾಲು. ಅದನ್ನು ತಿರುವಿದರೆ 2.5.

ಲೆಕ್ಕ ಇಷ್ಟು ಸುಲಭ. ಹಾಗಾದರೆ ವಿದ್ಯಾರ್ಥಿಗಳು ಎಡವುವುದೆಲ್ಲಿ? ಲೆಕ್ಕದಲ್ಲಲ್ಲ, ಗುರುತಿಸುವುದರಲ್ಲಿ. ಕಾಗದದ ಮೇಲೆ ಒಂದರ ಮುಂದೊಂದು ಸಾಲಾಗಿ ಬರೆದಿದ್ದರೆ ಸರಣಿಯೆಂದೂ, ಪಕ್ಕಪಕ್ಕದಲ್ಲಿ ಬರೆದಿದ್ದರೆ ಸಮಾಂತರವೆಂದೂ ಕಣ್ಣು ಆತುರದಿಂದ ನಿರ್ಧರಿಸಿಬಿಡುತ್ತದೆ. ಸಮಾಂತರ ಎಂಬ ಹೆಸರೇ ಪಕ್ಕಪಕ್ಕದ ಎರಡು ಗೆರೆಗಳನ್ನು ನೆನಪಿಗೆ ತಂದು ದಾರಿ ತಪ್ಪಿಸುತ್ತದೆ.

ಮತ್ತೆ ಹಳೇಬೀಡಿಗೆ

ಈಗ ಆ ಗುಡಿಯ ಉತ್ತರ ಬಾಗಿಲಿನಲ್ಲಿ ನಿಂತು ದಕ್ಷಿಣ ಬಾಗಿಲನ್ನು ತಲುಪಬೇಕೆಂದಿರುವ ಯಾತ್ರಿಕನೊಬ್ಬನನ್ನು ಊಹಿಸಿಕೊಳ್ಳಬೇಕು. ಅವನ ಮುಂದೆ ದಾರಿಗಳು ಮೂರು. ಒಳಗೆ ಹೊಕ್ಕು ಉತ್ತರದ ನವರಂಗ, ನಡುವಣ ಹಜಾರ, ದಕ್ಷಿಣದ ನವರಂಗಗಳನ್ನು ದಾಟಿ ಹೋಗಬಹುದು. ಹೊರಗಡೆ ಪಶ್ಚಿಮದ ಗೋಡೆಯ ಶಿಲ್ಪಗಳನ್ನು ನೋಡುತ್ತ ಜಗತಿಯ ಮೇಲೆ ಸುತ್ತಿ ಹೋಗಬಹುದು. ಇಲ್ಲವೇ ಪೂರ್ವದಲ್ಲಿ ನಂದಿಮಂಟಪಗಳ ಕಡೆಯಿಂದ ಬಳಸಿ ಹೋಗಬಹುದು. ಈ ಮೂರು ದಾರಿಗಳಿಗೆ ಆಕಾರದಲ್ಲಿ ಯಾವ ಹೋಲಿಕೆಯೂ ಇಲ್ಲ: ಒಂದು ನೇರ, ಎರಡು ಬಳಸು. ಆದರೂ ಮೂರಕ್ಕೂ ಮೊದಲು ಒಂದೇ, ಕೊನೆಯೂ ಒಂದೇ. ಆದ್ದರಿಂದ ವಿದ್ಯುತ್ತಿನ ಭಾಷೆಯಲ್ಲಿ ಇವು ಸಮಾಂತರ.

ಒಳದಾರಿಯನ್ನೇ ಬೇರೆಯಾಗಿ ನೋಡಿದರೆ ಉತ್ತರದ ನವರಂಗವನ್ನು ದಾಟದೆ ದಕ್ಷಿಣದ ನವರಂಗವಿಲ್ಲ. ಪೂರ್ವದ ಬಾಗಿಲುಗಳೆರಡೂ ಮುಚ್ಚಿದ್ದರೆ, ಉತ್ತರದಲ್ಲಿ ನೂರು ಮಂದಿ ಹೊಕ್ಕರೆ ದಕ್ಷಿಣದಲ್ಲಿ ಹೊರಬರುವವರೂ ನೂರೇ ಮಂದಿ. ಇದು ಸರಣಿ. ಆದರೆ ಪೂರ್ವದ ಒಂದು ಬಾಗಿಲು ತೆರೆಯಿತೆನ್ನಿ. ಮೂವತ್ತು ಮಂದಿ ನಡುವೆಯೇ ನಂದಿಯ ಕಡೆಗೆ ಹೊರಟರು. ದಕ್ಷಿಣಕ್ಕೆ ಎಪ್ಪತ್ತೇ ಮಂದಿ ಬಂದರು. ಸಾಲು ಅದೇ, ಕಂಬಗಳು ಅವೇ. ಸರಣಿ ಮಾತ್ರ ಮುರಿಯಿತು.

ಇನ್ನು ಗರ್ಭಗುಡಿಗಳು. ಎರಡು ಗರ್ಭಗುಡಿಗಳು ಪಕ್ಕಪಕ್ಕದಲ್ಲಿಯೇ ಇವೆ, ಒಂದೇ ದಿಕ್ಕಿಗೆ ಮುಖ ಮಾಡಿವೆ. ಇವು ಸಮಾಂತರವೇ? ಮುಂಭಾಗದಲ್ಲಿ ಹಜಾರ ಅವನ್ನು ಕೂಡಿಸುತ್ತದೆ, ಸರಿ. ಹಿಂಭಾಗದಲ್ಲಿ ಕೂಡಿಸುವುದೇನು? ಕಲ್ಲಿನ ಗೋಡೆ, ಬಾಗಿಲಿಲ್ಲ. ಒಂದು ತುದಿ ಮಾತ್ರ ಕೂಡಿದರೆ ಸಮಾಂತರವಾಗದು. ಕಣ್ಣಿಗೆ ಜೋಡಿಯಾಗಿ ಕಂಡದ್ದೆಲ್ಲ ತಂತಿಯ ಲೆಕ್ಕದಲ್ಲಿ ಜೋಡಿಯಲ್ಲ.

ಒಂದು ಎಚ್ಚರಿಕೆಯ ಮಾತು. ಯಾತ್ರಿಕರು ನವರಂಗವನ್ನು ದಾಟುವಂತೆ ಆವೇಶ ಧಾರಕದ ತಡೆಯನ್ನು ದಾಟಿ ಹೋಗುವುದಿಲ್ಲ. ಒಂದು ಹಾಳೆಗೆ ಎಷ್ಟು ಬಂದಿತೋ ಅಷ್ಟೇ ಆವೇಶವನ್ನು ಎದುರು ಹಾಳೆ ಮುಂದಕ್ಕೆ ತಳ್ಳುತ್ತದೆ. ಎಣಿಕೆ ಸರಿಹೋಗುವುದು ಹೀಗೆ.

ಚುಕ್ಕೆಗಳ ಪರೀಕ್ಷೆ

ರಂಗೋಲಿ ಹಾಕುವ ಮನೆಗಳಲ್ಲಿ ಚುಕ್ಕೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ವಿದ್ಯುತ್ ನಕ್ಷೆಯಲ್ಲಿಯೂ ತಂತಿಗಳು ಕೂಡುವ ಸ್ಥಳವೇ ಚುಕ್ಕೆ. ಬರಿಯ ತಂತಿಯಿಂದ ಕೂಡಿದ ಚುಕ್ಕೆಗಳೆಲ್ಲವೂ, ಅವು ಎಷ್ಟೇ ದೂರವಿರಲಿ, ಒಂದೇ ಚುಕ್ಕೆಯೆಂದು ತಿಳಿಯಬೇಕು. ಅನಂತರ ಮೂರು ನಿಯಮಗಳು ಸಾಕು.

ಎರಡು ಧಾರಕಗಳ ಎರಡೂ ತುದಿಗಳು ಅವೇ ಎರಡು ಚುಕ್ಕೆಗಳಿಗೆ ಸೇರಿದ್ದರೆ ಅವು ಸಮಾಂತರ. ಎರಡು ಧಾರಕಗಳು ಒಂದು ಚುಕ್ಕೆಯಲ್ಲಿ ಕೂಡಿದ್ದು, ಆ ಚುಕ್ಕೆಗೆ ಮೂರನೆಯದು ಯಾವುದೂ ಸೇರದಿದ್ದರೆ ಅವು ಸರಣಿ. ಇವೆರಡರಲ್ಲಿ ಯಾವುದೂ ಒಪ್ಪದಿದ್ದರೆ ಅವು ಸರಣಿಯೂ ಅಲ್ಲ, ಸಮಾಂತರವೂ ಅಲ್ಲ.

ಪೆನ್ಸಿಲು ಹಿಡಿದು ಪರೀಕ್ಷಿಸಬಹುದು. ಒಂದೇ ಸಾಲಿನಲ್ಲಿ ಕ, ಖ, ಗ, ಘ ಎಂಬ ನಾಲ್ಕು ಚುಕ್ಕೆಗಳು. ಕ-ಖ, ಖ-ಗ, ಗ-ಘ ಇವುಗಳ ನಡುವೆ 2 ಮೈಕ್ರೊಫ್ಯಾರಡಿನ ಒಂದೊಂದು ಧಾರಕ. ಕ ಚುಕ್ಕೆಯಿಂದ ಗ ಚುಕ್ಕೆಗೆ ಮೇಲಿನಿಂದ ಬಳಸಿದ ಒಂದು ತಂತಿ. ಖ ಚುಕ್ಕೆಯಿಂದ ಘ ಚುಕ್ಕೆಗೆ ಕೆಳಗಿನಿಂದ ಬಳಸಿದ ಮತ್ತೊಂದು ತಂತಿ. ಕ ಮತ್ತು ಘ ನಡುವಿನ ಧಾರಕತೆ ಎಷ್ಟು?

ಕಣ್ಣು ಹೇಳುತ್ತದೆ: ಮೂರೂ ಸಾಲಾಗಿ ನಿಂತಿವೆ, ಸರಣಿ, ಉತ್ತರ ಮೂರರಲ್ಲಿ ಎರಡು ಪಾಲು. ಈಗ ಕೆಂಪು ಬಣ್ಣದ ಪೆನ್ಸಿಲಿನಿಂದ ಕ ಚುಕ್ಕೆಯನ್ನೂ, ಅದಕ್ಕೆ ತಂತಿಯಿಂದ ಕೂಡಿದ ಗ ಚುಕ್ಕೆಯನ್ನೂ ತಿದ್ದಬೇಕು. ನೀಲಿ ಪೆನ್ಸಿಲಿನಿಂದ ಖ, ಘ ಚುಕ್ಕೆಗಳನ್ನು ತಿದ್ದಬೇಕು. ಏನಾಶ್ಚರ್ಯ! ಮೂರು ಧಾರಕಗಳಲ್ಲಿ ಪ್ರತಿಯೊಂದರ ಒಂದು ತುದಿ ಕೆಂಪು, ಮತ್ತೊಂದು ತುದಿ ನೀಲಿ. ಮೂರೂ ಸಮಾಂತರ, ಉತ್ತರ 6. ಕಣ್ಣನ್ನು ನಂಬಿದವನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂಬತ್ತು ಪಟ್ಟು ಅಂತರ.

ಮನೆಯಲ್ಲಿಯೇ ಇರುವ ಬಲೆ

ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರಿನಲ್ಲಿಯೂ ಈ ವಿಷಯವಿದೆ. ಹಳೆಯ ಕಾಲದ ದಪ್ಪ ರೆಗ್ಯುಲೇಟರು ವೇಗವನ್ನು ತಗ್ಗಿಸಲು ವಿದ್ಯುತ್ತನ್ನು ಶಾಖವಾಗಿ ಪೋಲುಮಾಡುತ್ತಿತ್ತು, ಮುಟ್ಟಿದರೆ ಬಿಸಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಹಂತಹಂತದ ರೆಗ್ಯುಲೇಟರಿನಲ್ಲಿ ಆ ಕೆಲಸವನ್ನು ಧಾರಕಗಳು ಮಾಡುತ್ತವೆ. ಗುಂಡಿಯನ್ನು ಒಂದು ಅಂಕಿಯಲ್ಲಿಟ್ಟರೆ ಚಿಕ್ಕ ಧಾರಕ, ಮುಂದಿನ ಅಂಕಿಗೆ ತುಸು ದೊಡ್ಡದು, ಅದರ ಮುಂದೆ ಎರಡೂ ಸಮಾಂತರವಾಗಿ. ಧಾರಕತೆ ಬೆಳೆದಂತೆ ಪ್ರವಾಹಕ್ಕೆ ಅಡ್ಡಿ ಕುಗ್ಗಿ ಫ್ಯಾನಿನ ವೇಗ ಏರುತ್ತದೆ.

ಆದರೆ ರೆಗ್ಯುಲೇಟರಿನ ಧಾರಕಕ್ಕೂ ಫ್ಯಾನಿನ ಒಳಗಿನ ಕಂಡೆನ್ಸರಿಗೂ ಇರುವ ಸಂಬಂಧವೇನು? ವಿದ್ಯುತ್ತು ಮೊದಲು ರೆಗ್ಯುಲೇಟರಿಗೆ ಬಂದು ಆಮೇಲೆ ಫ್ಯಾನಿಗೆ ಹೋಗುವುದರಿಂದ ಸರಣಿ ಎಂದೇ ತೋರುತ್ತದೆ. ಚುಕ್ಕೆಗಳ ಪರೀಕ್ಷೆ ಅದನ್ನು ಒಪ್ಪುವುದಿಲ್ಲ. ರೆಗ್ಯುಲೇಟರಿನಿಂದ ಬಂದ ತಂತಿ ಫ್ಯಾನಿನಲ್ಲಿ ಎರಡಾಗಿ ಒಡೆಯುತ್ತದೆ: ಒಂದು ಕವಲು ಮುಖ್ಯ ಸುರುಳಿಗೆ, ಮತ್ತೊಂದು ಕಂಡೆನ್ಸರು ಮತ್ತು ಸಹಾಯಕ ಸುರುಳಿಗೆ. ನಡುವಣ ಚುಕ್ಕೆಗೆ ಮೂರನೆಯದೊಂದು ಸೇರಿತು. ಗುಡಿಯ ಪೂರ್ವದ ಬಾಗಿಲು ತೆರೆಯಿತು. ಆದ್ದರಿಂದ ಆ ಎರಡು ಧಾರಕಗಳು ಸರಣಿಯಲ್ಲ. ಅವುಗಳ ವ್ಯುತ್ಕ್ರಮಗಳನ್ನು ಕೂಡಿಸುವವನಿಗೆ ತಪ್ಪು ಉತ್ತರವೇ ಗತಿ.

ಹೊಲದ ಬದುವಿನಲ್ಲಿ

ಹಳೇಬೀಡಿನಿಂದ ಅರಸೀಕೆರೆಯ ಕಡೆಗೆ ಬಸ್ಸಿನಲ್ಲಿ ಸಾಗುವವರಿಗೆ ತೆಂಗಿನ ತೋಟಗಳೂ ಕೊಳವೆ ಬಾವಿಗಳ ಪಂಪ್‌ಸೆಟ್ಟುಗಳೂ ಕಾಣಸಿಗುತ್ತವೆ. ಮೂರು ಫೇಸಿನ ಪಂಪಿನ ಮೋಟಾರಿಗೆ ಜೋಡಿಸುವ ಕೆಪಾಸಿಟರ್ ಪೆಟ್ಟಿಗೆಯೊಂದುಂಟು. ಮೋಟಾರು ತನ್ನ ಕಾಂತಕ್ಷೇತ್ರವನ್ನು ಕಟ್ಟಲು ಒಂದು ಬಗೆಯ ಪ್ರವಾಹವನ್ನು ಪದೇಪದೇ ಎಳೆದುಕೊಂಡು ಹಿಂದಿರುಗಿಸುತ್ತಿರುತ್ತದೆ. ಪಕ್ಕದಲ್ಲಿಯೇ ಧಾರಕವಿದ್ದರೆ ಆ ಕೊಡುಕೊಳ್ಳುವಿಕೆ ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತದೆ. ದೂರದ ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿಯ ಮೇಲಿನ ಹೊರೆ ಇಳಿಯುತ್ತದೆ. ತಂತಿಯಲ್ಲಿ ನಷ್ಟವಾಗುವ ವಿದ್ಯುತ್ತು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಅರ್ಧವಾದರೆ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ದೂರ ವಿದ್ಯುತ್ತನ್ನು ಸಾಗಿಸಿದ ನಾಡಿನಲ್ಲಿ ಈ ನಷ್ಟದ ಚಿಂತೆ ಹೊಸದಲ್ಲ.

ಆ ಪೆಟ್ಟಿಗೆಯೊಳಗೆ ಮೂರು ಧಾರಕಗಳನ್ನು ಸಾಮಾನ್ಯವಾಗಿ ತ್ರಿಕೋನಾಕಾರದಲ್ಲಿ ಜೋಡಿಸುವುದು ವಾಡಿಕೆ. ಇದಕ್ಕೆ ಡೆಲ್ಟಾ ಎಂದು ಹೆಸರು. ಮೂರು ಫೇಸಿನ ಮೂರು ತಂತಿಗಳಲ್ಲಿ ಎರಡೆರಡರ ನಡುವೆ ಒಂದೊಂದು ಧಾರಕ. ಇವು ಒಂದಕ್ಕೊಂದು ಸರಣಿಯೋ ಸಮಾಂತರವೋ? ಯಾವ ಎರಡಕ್ಕೂ ಎರಡು ತುದಿಗಳೂ ಸಮಾನವಾಗಿಲ್ಲ, ಸಮಾಂತರವಲ್ಲ. ಯಾವ ಎರಡು ಕೂಡುವ ಚುಕ್ಕೆಗೂ ಫೇಸಿನ ತಂತಿಯೊಂದು ಬಂದು ಸೇರಿದೆ, ಸರಣಿಯೂ ಅಲ್ಲ. ಮೂರನೆಯ ನಿಯಮ ಇರುವುದು ಇಂಥ ಸಂದರ್ಭಕ್ಕಾಗಿಯೇ. ಪ್ರತಿಯೊಂದು ಜೋಡಣೆಯೂ ಇದು ಇಲ್ಲವೇ ಅದು ಆಗಿರಲೇಬೇಕೆಂಬ ಹಟ ಅನೇಕ ವಿದ್ಯಾರ್ಥಿಗಳ ಅಂಕಗಳನ್ನು ನುಂಗಿದೆ.

ಚಿಕ್ಕದರ ಮೇಲೆ ದೊಡ್ಡ ಹೊರೆ

ಅಂಕ ಹೋದರೆ ಮುಂದಿನ ಪರೀಕ್ಷೆಯುಂಟು. ಇನ್ನೊಂದು ಬಗೆಯ ತಪ್ಪಿಗೆ ಅಷ್ಟು ಕರುಣೆಯಿಲ್ಲ. 2 ಮತ್ತು 6 ಮೈಕ್ರೊಫ್ಯಾರಡಿನ ಎರಡು ಧಾರಕಗಳು. ಪ್ರತಿಯೊಂದೂ 250 ವೋಲ್ಟಿನವರೆಗೆ ತಾಳಬಲ್ಲದು. ಎರಡನ್ನೂ ಸರಣಿಯಾಗಿ 400 ವೋಲ್ಟಿನ ನೇರಪ್ರವಾಹದ ಮೂಲಕ್ಕೆ ಜೋಡಿಸಿದ್ದಾರೆ. 250ಕ್ಕೆ 250 ಸೇರಿದರೆ 500. 400ಕ್ಕೆ ಧಾರಾಳವಾಗಿ ಸಾಕು ಎಂದು ತೋರುತ್ತದೆ. ಆದರೆ ಸರಣಿಯಲ್ಲಿ ಸಮನಾಗಿರುವುದು ಆವೇಶ, ವೋಲ್ಟೇಜಲ್ಲ. ಚಿಕ್ಕ ಪಾತ್ರೆಗೂ ದೊಡ್ಡ ಪಾತ್ರೆಗೂ ಅಷ್ಟೇ ನೀರನ್ನು ಸುರಿದರೆ ಮಟ್ಟ ಮೇಲೇರುವುದು ಚಿಕ್ಕದರಲ್ಲಿ. ಹಾಗೆಯೇ 2 ಮೈಕ್ರೊಫ್ಯಾರಡಿನ ಪಾಲಿಗೆ 300 ವೋಲ್ಟು, 6 ಮೈಕ್ರೊಫ್ಯಾರಡಿನ ಪಾಲಿಗೆ 100 ವೋಲ್ಟು ಬರುತ್ತದೆ. ಚಿಕ್ಕದು ತಾಳಲಾರದೆ ತನ್ನ ತಡೆಯ ಪದರವನ್ನು ಕಳೆದುಕೊಂಡರೆ 400 ವೋಲ್ಟೂ ಉಳಿದದ್ದರ ಮೇಲೆ ಬೀಳುತ್ತದೆ. ಅನಂತರ ಅದರ ಸರದಿ. ಡಬ್ಬಿ ಉಬ್ಬುವುದು, ಸಿಡಿಯುವುದು, ಹೊಗೆಯಾಡುವುದು ಹೀಗೆಯೇ.

ಮನೆಯವರು ಮರೆಯಬಾರದ ಮಾತು ಇನ್ನೊಂದು. ಸ್ವಿಚ್ಚು ಆರಿಸಿದೊಡನೆ ಧಾರಕ ಬರಿದಾಗುವುದಿಲ್ಲ. ಸಂಗ್ರಹಿಸಿದ ಆವೇಶವನ್ನು ಅದು ಬಹಳ ಹೊತ್ತು ಇಟ್ಟುಕೊಂಡಿರಬಲ್ಲದು. ಕುತೂಹಲದಿಂದ ಡಬ್ಬಿಯ ತಂತಿಗಳನ್ನು ಮುಟ್ಟುವ ಮಕ್ಕಳ ಕೈಯನ್ನು ತಡೆಯಬೇಕು. ಬಲ್ಲವನಿಂದ, ತಕ್ಕ ರೋಧಕದ ಮೂಲಕ ಅದನ್ನು ಬರಿದುಮಾಡಿಸಿದ ಮೇಲೆಯೇ ಕೈಯಿಡಬೇಕು.

ಬೆಂಗಳೂರಿನ ಸಿಡಿಲು

ಸ್ಥಳವನ್ನು ಕದಲಿಸದೆಯೇ ಸಮಾಂತರವನ್ನು ಸರಣಿಯಾಗಿ ಮಾರ್ಪಡಿಸಲು ಸಾಧ್ಯವೆ? ಸಾಧ್ಯ. 1924ರಲ್ಲಿ ಎರ್ವಿನ್ ಮಾರ್ಕ್ಸ್ ಎಂಬ ಜರ್ಮನ್ ಎಂಜಿನಿಯರು ಕಂಡುಹಿಡಿದ ಯಂತ್ರ ಮಾಡುವುದು ಅದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಚ್ಚು ವೋಲ್ಟೇಜಿನ ಪ್ರಯೋಗಶಾಲೆಯಲ್ಲಿಯೂ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿಯೂ ವಿದ್ಯುತ್ ಉಪಕರಣಗಳು ಸಿಡಿಲಿನ ಹೊಡೆತವನ್ನು ತಾಳಬಲ್ಲವೇ ಎಂದು ಪರೀಕ್ಷಿಸಲು ಇಂಥ ಕೃತಕ ಸಿಡಿಲನ್ನು ಸೃಷ್ಟಿಸುತ್ತಾರೆ.

ಒಂದರ ಮೇಲೊಂದಾಗಿ ಹತ್ತು ಧಾರಕಗಳು ನಿಂತಿವೆಯೆಂದು ತಿಳಿಯಬೇಕು. ರೋಧಕಗಳ ಮೂಲಕ ಅವು ಸಮಾಂತರವಾಗಿ ನಿಧಾನವಾಗಿ ತುಂಬಿಕೊಳ್ಳುತ್ತವೆ. ಪ್ರತಿಯೊಂದರಲ್ಲಿಯೂ ಒಂದು ಲಕ್ಷ ವೋಲ್ಟು. ಒಂದರಿಂದ ಇನ್ನೊಂದಕ್ಕೆ ಗಾಳಿಯ ಕಿರಿಯ ಅಂತರ. ಎರಡು ಕಡೆಯೂ ಲೋಹದ ಗೋಳಗಳು. ಮೊದಲ ಅಂತರದಲ್ಲಿ ಕಿಡಿ ಹಾರಿತು. ಕೂಡಲೇ ಉಳಿದವುಗಳಲ್ಲಿಯೂ ಹಾರಿತು. ಕಿಡಿಯೇ ತಂತಿಯಾಯಿತು. ಬೇರೆಯಾಗಿದ್ದ ಚುಕ್ಕೆಗಳು ಕೂಡಿದವು, ಹತ್ತು ಧಾರಕಗಳು ಸರಣಿಯಾದವು, ಹತ್ತು ಲಕ್ಷ ವೋಲ್ಟಿನ ಹೊಡೆತ ಒಮ್ಮೆಲೇ ಹೊರಬಿದ್ದಿತು! ಯಾವ ಧಾರಕವೂ ಕೂದಲೆಳೆಯಷ್ಟೂ ಕದಲಲಿಲ್ಲ. ಬದಲಾದದ್ದು ಚುಕ್ಕೆಗಳ ನೆಂಟಸ್ತನ ಮಾತ್ರ.

ಸರಣಿಯೂ ಸಮಾಂತರವೂ ವಸ್ತುಗಳು ಇರುವ ಜಾಗದ ಹೆಸರುಗಳಲ್ಲ, ಅವುಗಳ ನಡುವಿನ ಸಂಬಂಧದ ಹೆಸರುಗಳು. ಪುಸ್ತಕದ ನಕ್ಷೆ ಎಷ್ಟೇ ಸೊಟ್ಟಾಗಿರಲಿ, ತಂತಿಗಳು ಎಷ್ಟೇ ಬಳಸಿರಲಿ, ಮೊದಲು ಚುಕ್ಕೆಗಳನ್ನು ಗುರುತಿಸಿ ಬಣ್ಣ ಕೊಟ್ಟವನಿಗೆ ಗೊಂದಲವಿಲ್ಲ.

ಮುಂದಿನ ರಜೆಯಲ್ಲಿ ಹಳೇಬೀಡಿಗೆ ಹೋಗುವ ಮನೆಯವರು ಉತ್ತರದ ಬಾಗಿಲಿನಲ್ಲಿ ಒಂದು ಗಳಿಗೆ ನಿಲ್ಲಬಹುದು. ದಕ್ಷಿಣದ ಬಾಗಿಲಿಗೆ ದಾರಿಗಳೆಷ್ಟು, ಅವುಗಳಲ್ಲಿ ಸರಣಿ ಯಾವುದು, ಅದು ಮುರಿಯುವುದೆಲ್ಲಿ ಎಂದು ಮಕ್ಕಳನ್ನು ಕೇಳಬಹುದು. ಕಾಗದದ ಮೇಲೆ ಹೊಳೆಯದ ಉತ್ತರ ಅಲ್ಲಿ ಕಾಲಿಗೇ ತಿಳಿದೀತು. ಹಿಂದಿರುಗಿ ಬಂದು ಫ್ಯಾನು ಹಾಕಿ ಕುಳಿತಾಗ, ಚಾವಣಿಯ ಬಟ್ಟಲಿನೊಳಗೆ ಅಡಗಿ ಕುಳಿತ ಆ ಪುಟ್ಟ ಕಂಡೆನ್ಸರು ಅವರ ಪಾಲಿಗೆ ಅಪರಿಚಿತವಾಗಿ ಉಳಿಯುವುದಿಲ್ಲ.